ಆಕಾಶಕ್ಕೆ ಬೇಲಿಯುಂಟೆ?

ಈ ವಾರದ ಮಾತನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ. ವಾಚಕ ಮಹಾಶಯರು ಸಮಾಧಾನದಿಂದ ಕೇಳಬೇಕು. ಉಪಾಧ್ಯಾಯನಾದವನು ಪರರ ತಪ್ಪನ್ನು ಕೆಂಪು ಶಾಯಿಯಿಂದ ಗುರುತಿಸುವುದರಲ್ಲಿ ನಿಪುಣ. ತನ್ನ ತಪ್ಪಿಗೆ ಗುರುತು ಹಾಕಲು ಅವನ ಬಳಿ ಶಾಯಿ ಇರುವುದಿಲ್ಲ.

ನಾನು ಪಾಠ ಹೇಳುವ ಕಾಲೇಜಿನಲ್ಲಿ ಒಬ್ಬ ಹುಡುಗನಿದ್ದನು. ಅವನ ತಂದೆತಾಯಿಗಳು ಒಡಿಶಾದಿಂದ ಮಾಲೂರಿನ ಕಡೆಯ ಇಟ್ಟಿಗೆ ಗೂಡಿಗೆ ಕೂಲಿಗಾಗಿ ಬಂದವರು. ಹುಡುಗನು ಇಲ್ಲಿಯ ಶಾಲೆಯಲ್ಲಿಯೇ ಅಕ್ಷರ ಕಲಿತು, ಹಾಗೂ ಹೀಗೂ ಕಾಲೇಜಿನ ಮೆಟ್ಟಿಲು ಹತ್ತಿದ್ದನು. ಒಮ್ಮೆ 'ನನ್ನ ಹಂಬಲ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದೆನು. ಅವನು ತಾನು ವಿಮಾನ ನಡೆಸುವೆನೆಂದು ಬರೆದನು. ಆದರೆ ಪ್ರಬಂಧದ ಉದ್ದಕ್ಕೂ 'ವಿಮಾನ'ವು 'ವಿಮಾಣ'ವಾಗಿತ್ತು. ನಾನು ಪುಸ್ತಕವನ್ನು ಎತ್ತಿ ಹಿಡಿದು, "ಅಪ್ಪಾ, ಮೊದಲು ಈ ಣಕಾರವನ್ನು ಕೆಳಗಿಳಿಸು, ಆಮೇಲೆ ನೀನು ಹತ್ತುವೆಯಂತೆ" ಎಂದೆನು. ತರಗತಿಯೆಲ್ಲ ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ "ಇಟ್ಟಿಗೆ ಗೂಡಿಗೆ ರೆಕ್ಕೆ ಬಂತು ಸಾರ್!" ಎಂದು ಕೂಗಿದರು. ಹಾಗೆ ಕೂಗಿದವನನ್ನು ನಾನು ಗದರಿಸಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಮುಗುಳ್ನಕ್ಕೆನು. ಮರುವಾರದಿಂದ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರಿಯ ಸೊನ್ನೆಗಳು ಬಿದ್ದವು. ಅದನ್ನು ನಾನು ಗಮನಿಸಿದೆನೆಂದು ಹೇಳಿಕೊಳ್ಳುವ ಧೈರ್ಯವೂ ನನಗಿಲ್ಲ.

ಎರಡು ತಿಂಗಳ ತರುವಾಯ ನಮ್ಮ ಕಾಲೇಜಿಗೆ ಒಂದು ಸರಸ್ವತಿಯ ವಿಗ್ರಹ ಬೇಕೆಂದು ತೀರ್ಮಾನವಾಗಿ, ಕನ್ನಡದ ಮೇಷ್ಟ್ರೆಂಬ ಕಾರಣದಿಂದ ಆ ಹೊಣೆ ನನ್ನ ತಲೆಗೆ ಬಂದಿತು. ವಿಗ್ರಹವೆಂದ ಮೇಲೆ ನಮ್ಮ ಸೀಮೆಯಲ್ಲಿ ಹೋಗಬೇಕಾದ ಊರು ಶಿವಾರಪಟ್ಟಣವೇ. ಮಾಲೂರು ತಾಲ್ಲೂಕಿನ ಈ ಊರಿಗೆ ಕಾಲಿಟ್ಟರೆ ಸಾಕು, ಉಳಿಯ ಸದ್ದು ಕಿವಿಗೆ ಬೀಳುತ್ತದೆ. ಮನೆಯ ಮುಂದೆ ಅರೆಬಿಡಿಸಿದ ನಂದಿ, ಜಗಲಿಯ ಮೇಲೆ ಮುಖ ಮೂಡದ ಗಣಪತಿ, ಹಿತ್ತಿಲಲ್ಲಿ ಬೆನ್ನು ತಿರುಗಿಸಿ ಮಲಗಿದ ಆಂಜನೇಯ. ಅಂಥ ಒಂದು ಅಂಗಳದಲ್ಲಿ ವೃದ್ಧ ಶಿಲ್ಪಿಯೊಬ್ಬರೊಡನೆ ಅಳತೆ, ಬೆಲೆಗಳ ಮಾತನಾಡುತ್ತಿದ್ದಾಗ, ಮೂಲೆಯಲ್ಲಿ ಕುಳಿತು ದೇವಿಯ ಪೀಠವನ್ನು ನೀರು ಹಾಕಿ ಉಜ್ಜುತ್ತಿದ್ದ ಹುಡುಗನೊಬ್ಬನು ನನ್ನನ್ನು ಕಂಡು ತಟ್ಟನೆ ಎದ್ದು ನಿಂತನು. ಅವನೇ!

"ಏನಪ್ಪಾ, ಕಾಲೇಜು?" ಎಂದೆನು.

"ಬಿಟ್ಬಿಟ್ಟೆ ಸಾರ್" ಎಂದು ತಲೆ ತಗ್ಗಿಸಿದನು.

ಶಿಲ್ಪಿಗಳು, "ಒಳ್ಳೆ ಹುಡುಗ ಮೇಷ್ಟ್ರೇ. ಕೈ ನಿಧಾನ, ಆದ್ರೆ ಸುಳ್ಳಿಲ್ಲ. ಬಂದ ದಿನ ನಾಕು ಜನ ಅಂದ್ರು, ಹೊರಗಿನೋನಿಗೆ ಯಾಕೆ ಕೆಲಸ ಕಲಿಸ್ತೀರಿ ಅಂತ. ಕಲ್ಲಿಗೇನು ಗೊತ್ತು ಸ್ವಾಮಿ, ಉಜ್ಜೋ ಕೈ ಯಾವ ಊರ್ದು ಅಂತ!" ಎಂದರು.

ಎಂ.ಎ. ಪದವಿ ಪಡೆದ ನನಗಿಂತ ಆ ಮುದುಕರು ಹೆಚ್ಚು ತಿಳಿದವರೆಂದು ಆ ಕ್ಷಣ ಅನಿಸಿತು. ಅಷ್ಟರಲ್ಲಿ ಮೇಲೆ ವಿಮಾನವೊಂದು ಹಾದುಹೋಯಿತು. ಹುಡುಗನು ಕತ್ತೆತ್ತಿ ನೋಡಿದನು. ನಾನು ನೋಡುತ್ತಿರುವುದು ಕಂಡು ಕೂಡಲೇ ಕಣ್ಣು ಕೆಳಗಿಳಿಸಿದನು. ಆಗ ಅವನನ್ನು ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳ್ಳಿರಿಸಿಕೊಂಡು, ನಾನು ಓದಿದ್ದ ಕೆಲವು ಸಂಗತಿಗಳನ್ನು ಹೇಳಿದೆನು. ಅವನ್ನೇ ಈಗ ವಾಚಕರ ಮುಂದಿಡುತ್ತೇನೆ.

ಕಳೆದ ಶತಮಾನಕ್ಕೂ ಹಿಂದಿನ ಮಾತು. ಅಮೆರಿಕದ ಪೂರ್ವ ಪಶ್ಚಿಮಗಳನ್ನು ಬೆಸೆದ ರೈಲುದಾರಿ 1869ರಲ್ಲಿ ಪೂರ್ಣವಾಯಿತು. ಅದರ ಪಶ್ಚಿಮ ಭಾಗದಲ್ಲಿ ಬಂಡೆಗಳನ್ನು ಸಿಡಿಸಿ, ಹಿಮದಲ್ಲಿ ಸುರಂಗ ತೋಡಿದವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಚೀನೀ ಕೂಲಿಗಾರರು. ದಾರಿ ಮುಗಿದ ಮೇಲೆ ಅವರು ಬೇಡವಾದರು. 1882ರಲ್ಲಿ ಅಮೆರಿಕದ ಸರ್ಕಾರವು ಒಂದು ಕಾನೂನನ್ನು ಮಾಡಿ, ಚೀನೀ ಕೂಲಿಗಾರರು ದೇಶದೊಳಕ್ಕೆ ಬರಕೂಡದೆಂದೂ, ಬಂದು ನೆಲೆಸಿದ ಚೀನೀಯರು ಪೌರತ್ವವನ್ನು ಪಡೆಯಕೂಡದೆಂದೂ ವಿಧಿಸಿತು. ಈ ಕಾನೂನು ಅರುವತ್ತೊಂದು ವರ್ಷಗಳ ಕಾಲ ಉಳಿಯಿತು. ಅಲ್ಲಿ ನೆಲೆಸಿದ್ದ ಚೀನೀಯರಿಗೆ ಉಳಿದುದು ಬಟ್ಟೆ ಒಗೆಯುವ ಅಂಗಡಿ, ಊಟದ ಮನೆ, ಪರರ ಮನೆಯ ಅಡಿಗೆ ಕೆಲಸ.

ಇಂಥ ದೇಶಕ್ಕೆ, ಚೀನದ ಕ್ಯಾಂಟನ್ ಪ್ರಾಂತದ ಎನ್‌ಪಿಂಗ್ ಎಂಬ ಸೀಮೆಯ ಬಡ ರೈತನ ಮಗನೊಬ್ಬನು ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲಿ ಬಂದಿಳಿದನು. ಅವನ ಹೆಸರು ಫೆಂಗ್ ರು. ಹಗಲು ಕೂಲಿ ಮಾಡಿ, ರಾತ್ರಿ ಇಂಗ್ಲಿಷನ್ನೂ ಯಂತ್ರಗಳ ವಿದ್ಯೆಯನ್ನೂ ಕಲಿತನು. ಕಾರ್ಖಾನೆಗಳಲ್ಲಿ ದುಡಿದು ನೀರೆತ್ತುವ ಪಂಪನ್ನು ಮಾಡುವುದನ್ನೂ ತಂತಿಯಿಲ್ಲದೆ ಸುದ್ದಿ ಕಳಿಸುವ ಸಲಕರಣೆಯನ್ನು ಕಟ್ಟುವುದನ್ನೂ ಅರಿತುಕೊಂಡನು. 1903ರ ಡಿಸೆಂಬರಿನಲ್ಲಿ ರೈಟ್ ಸೋದರರು ಹಾರಿದ ಸುದ್ದಿ ಅವನ ಮನಸ್ಸಿನಲ್ಲಿ ನಾಟಿತು. 1906ರ ಭೂಕಂಪವು ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ನೆಲಸಮ ಮಾಡಿದ ಮೇಲೆ, ಕೊಲ್ಲಿಯ ಆಚೆಯ ಓಕ್‌ಲೆಂಡಿನಲ್ಲಿ ಅವನು ನೆಲೆನಿಂತನು. ಅಲ್ಲಿಯ ಚೀನೀ ಕೇರಿಯಲ್ಲಿ ಅವನ ಕಾರ್ಯಾಗಾರ. ಕಾರ್ಯಾಗಾರವೆಂದರೆ ದೊಡ್ಡದೆಂದು ಭಾವಿಸಬೇಡಿ: ಹತ್ತಡಿ ಉದ್ದ, ಎಂಟಡಿ ಅಗಲ. ನಮ್ಮ ಮನೆಗಳ ಅಡಿಗೆ ಕೋಣೆಯೇ ಅದಕ್ಕಿಂತ ವಿಶಾಲವಾಗಿದ್ದೀತು!

ಹಣ ಎಲ್ಲಿಂದ ಬಂದಿತು? ಬ್ಯಾಂಕುಗಳು ಕೊಡಲಿಲ್ಲ, ಸರ್ಕಾರ ಕೊಡಲಿಲ್ಲ. ಓಕ್‌ಲೆಂಡಿನ ಚೀನೀ ವ್ಯಾಪಾರಿಗಳು ಕೂಡಿ ಕೊಟ್ಟರು. ಅವರಲ್ಲಿ ಒಬ್ಬನಾದರೂ ವಿಮಾನವನ್ನು ಹತ್ತಿದವನಲ್ಲ. ತಮ್ಮ ಹುಡುಗನೊಬ್ಬನು ಹಾರಿದರೆ ತಮ್ಮೆಲ್ಲರ ತಲೆ ಒಂದು ಗೇಣು ಮೇಲೇರುವುದೆಂಬುದಷ್ಟೇ ಅವರು ಬಯಸಿದ ಬಡ್ಡಿ. ಫೆಂಗ್ ರು ತನ್ನ ಯಂತ್ರದ ಗುಟ್ಟು ಹೊರಬೀಳಬಾರದೆಂದು ಬಿಡಿಭಾಗಗಳನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ ಎರಕ ಹೊಯ್ಯಿಸಿ, ತನ್ನ ಪುಟ್ಟ ಕೋಣೆಯಲ್ಲಿ ಜೋಡಿಸಿದನು.

1909ರ ಸೆಪ್ಟೆಂಬರ್ 21ರಂದು ಓಕ್‌ಲೆಂಡಿನ ಗುಡ್ಡದ ಬಯಲಿನಲ್ಲಿ ಆ ವಿಮಾನವು ನೆಲವನ್ನು ಬಿಟ್ಟು ಮೇಲೆದ್ದಿತು. ಹೆಚ್ಚು ಎತ್ತರಕ್ಕೇನೂ ಅಲ್ಲ, ಒಂದಾಳೆರಡಾಳಿನ ಎತ್ತರ. ಆದರೆ 2,640 ಅಡಿ, ಎಂದರೆ ಅರ್ಧ ಮೈಲಿಯಷ್ಟು ದೂರ ಸಾಗಿತು. ಅನಂತರ ಚಾಲಕ ಪಂಕದ ಭಾಗವೊಂದು ಮುರಿದು, ವಿಮಾನವು ನೆಲಕ್ಕೆ ಬಡಿಯಿತು. ಫೆಂಗ್ ರು ಸಣ್ಣಪುಟ್ಟ ಗಾಯಗಳೊಡನೆ ಎದ್ದು ಬಂದನು. ರೈಟ್ ಸೋದರರ ಮೊದಲ ದಿನದ ಅತಿ ದೀರ್ಘ ಹಾರಾಟ 852 ಅಡಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಬೀಗುವುದು ನ್ಯಾಯವಲ್ಲ. ಏಕೆಂದರೆ 1909ರ ವೇಳೆಗೆ ಆ ಸೋದರರು ಗಂಟೆಗಟ್ಟಲೆ ಹಾರುತ್ತಿದ್ದರು. ಆದರೆ ಪೌರತ್ವವಿಲ್ಲದ, ಕಾಲೇಜಿನ ಹೊಸಿಲು ದಾಟದ ಒಬ್ಬ ಕೂಲಿಯ ಹುಡುಗನು ಹತ್ತಡಿಯ ಕೋಣೆಯಿಂದ ಆಕಾಶಕ್ಕೆ ದಾರಿ ಮಾಡಿಕೊಂಡನೆಂಬುದು ಸಣ್ಣ ಮಾತೆ?

1911ರಲ್ಲಿ ಅವನು ತನ್ನ ವಿಮಾನಗಳೊಡನೆ ಸ್ವದೇಶಕ್ಕೆ ಹಿಂತಿರುಗಿದನು. ಆ ವರ್ಷವೇ ಅಲ್ಲಿ ರಾಜ್ಯಕ್ರಾಂತಿಯಾಯಿತು. ಫೆಂಗ್ ರು ಕ್ರಾಂತಿಕಾರರ ಪಕ್ಷ ಸೇರಿ, ಕ್ಯಾಂಟನ್ನಿನಲ್ಲಿ ವಿಮಾನದಳದ ಮುಖ್ಯಸ್ಥನಾದನು. 1912ರ ಆಗಸ್ಟ್ 25ರಂದು, ನೆರೆದ ಜನಸ್ತೋಮದ ಮುಂದೆ ಹಾರಾಟವನ್ನು ಪ್ರದರ್ಶಿಸುತ್ತಿದ್ದಾಗ ವಿಮಾನ ಕೆಳಗುರುಳಿ ಅವನು ತೀರಿಕೊಂಡನು. ವಯಸ್ಸು ಮೂವತ್ತು ತುಂಬಿರಲಿಲ್ಲ. ಕ್ರಾಂತಿಯ ಹುತಾತ್ಮರ ಸ್ಮಾರಕಭೂಮಿಯಲ್ಲಿ ಅವನನ್ನು ಸಕಲ ಗೌರವಗಳೊಂದಿಗೆ ಮಣ್ಣು ಮಾಡಿದರು.

ವಿಧಿಯ ಲೆಕ್ಕವನ್ನು ನೋಡಿರಿ. ಫೆಂಗ್ ರು ಮಡಿದ ಹಿಂದಿನ ದಿನ, ಎಂದರೆ 1912ರ ಆಗಸ್ಟ್ 24ರಂದು, ಅಮೆರಿಕದ ಪೋರ್ಟ್‌ಲೆಂಡ್ ನಗರದ ಒಂದು ಚೀನೀ ಸಂಸಾರದಲ್ಲಿ ಹೆಣ್ಣು ಮಗುವೊಂದು ಹುಟ್ಟಿತು. ಹೆಸರು ಹೇಜಲ್ ಯಿಂಗ್ ಲೀ. ಎಂಟು ಮಕ್ಕಳ ಮನೆ. ಈಜು, ಓಟ, ಇಸ್ಪೀಟು ಎಲ್ಲದರಲ್ಲಿಯೂ ಮುಂದಾದ ಹುಡುಗಿ. ಶಾಲೆ ಮುಗಿದ ಮೇಲೆ ಅವಳಿಗೆ ಸಿಕ್ಕಿದ ಕೆಲಸ, ದೊಡ್ಡದೊಂದು ಅಂಗಡಿಯಲ್ಲಿ ಲಿಫ್ಟು ನಡೆಸುವುದು. ಗಿರಾಕಿಗಳ ಎದುರು ನಿಂತು ಸರಕು ಮಾರುವ ಕೆಲಸ ಚೀನೀ ಹೆಣ್ಣುಮಕ್ಕಳಿಗೆ ಸಿಗುವುದು ಅಪರೂಪವಾಗಿದ್ದ ಕಾಲ ಅದು. ದಿನವೆಲ್ಲ ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುತ್ತಿದ್ದ ಆ ಹುಡುಗಿಯು ತಾನು ಮಾತ್ರ ಇನ್ನೂ ಮೇಲಕ್ಕೆ ಹೋಗಬೇಕೆಂದು ನಿಶ್ಚಯಿಸಿದಳು.

1931ರಲ್ಲಿ ಜಪಾನು ಮಂಚೂರಿಯದ ಮೇಲೆ ಬಿದ್ದಾಗ, ಪೋರ್ಟ್‌ಲೆಂಡಿನ ಚೀನೀಯರು ಹಣ ಕೂಡಿಸಿ ತಮ್ಮ ಮಕ್ಕಳಿಗೆ ವಿಮಾನ ನಡೆಸುವ ವಿದ್ಯೆ ಕಲಿಸಲು ಏರ್ಪಾಡು ಮಾಡಿದರು. ತಾಯಿಯ ವಿರೋಧವಿದ್ದರೂ ಹೇಜಲ್ ಅಲ್ಲಿ ಸೇರಿ, 1932ರಲ್ಲಿ ಪರವಾನಗಿ ಪಡೆದಳು. ಚೀನಕ್ಕೆ ಹೋಗಿ ಅಲ್ಲಿಯ ವಾಯುಪಡೆಯ ಬಾಗಿಲು ತಟ್ಟಿದಳು. ಹೆಂಗಸೆಂಬ ಕಾರಣದಿಂದ ಅವರು ತೆಗೆದುಕೊಳ್ಳಲಿಲ್ಲ. ಅಮೆರಿಕದಲ್ಲಿ ಚೀನೀಯಳೆಂಬ ಅಡ್ಡಿ, ಚೀನದಲ್ಲಿ ಹೆಣ್ಣೆಂಬ ಅಡ್ಡಿ! ಅವಳೊಡನೆ ಕಲಿತ ಗಂಡುಹುಡುಗರಿಗೆ ಮಾತ್ರ ಅಲ್ಲಿ ಅವಕಾಶ ದೊರೆಯಿತು. ಅವರಲ್ಲಿ ಪೋರ್ಟ್‌ಲೆಂಡಿನವನೇ ಆದ ಆರ್ಥರ್ ಚಿನ್ ಚೀನದ ಪರವಾಗಿ ಜಪಾನೀ ವಿಮಾನಗಳನ್ನು ಹೊಡೆದುರುಳಿಸಿ, 1939ರಲ್ಲಿ ಮೈಯೆಲ್ಲ ಸುಟ್ಟುಕೊಂಡು ಬದುಕಿದನು. ಯುದ್ಧ ಮುಗಿದು ಕೆಲವು ಕಾಲವಾದ ಮೇಲೆ ಆ ಶೂರನು ತನ್ನ ಊರಿನ ಅಂಚೆ ಕಚೇರಿಯಲ್ಲಿ ನೌಕರಿ ಮಾಡಿ ಜೀವನ ಸಾಗಿಸಿದನು.

ಇದೇ ಕಾಲದಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಮತ್ತೊಬ್ಬಳಿದ್ದಳು: ಕ್ಯಾಥರೀನ್ ಚಂಗ್. ಫೆಂಗ್ ರು ಹುಟ್ಟಿದ ಎನ್‌ಪಿಂಗ್ ಸೀಮೆಯಲ್ಲಿಯೇ 1904ರಲ್ಲಿ ಹುಟ್ಟಿದವಳು. ಪಿಯಾನೊ ಕಲಿಯಲೆಂದು 1921ರಲ್ಲಿ ಅಮೆರಿಕಕ್ಕೆ ಬಂದಳು. ತಂದೆಯು ಮೋಟಾರು ನಡೆಸುವುದನ್ನು ಕಲಿಸಲು ವಿಮಾನ ನಿಲ್ದಾಣದ ಬಳಿಯ ಬಯಲಿಗೆ ಕರೆದೊಯ್ದನಂತೆ. ಮಗಳ ಕಣ್ಣು ಮೋಟಾರನ್ನು ಬಿಟ್ಟು ವಿಮಾನದ ಮೇಲೆ ಬಿದ್ದಿತು! ಮದುವೆಯಾಗಿ ಎರಡು ಮಕ್ಕಳ ತಾಯಿಯಾದ ಮೇಲೆ, 1932ರಲ್ಲಿ ಪರವಾನಗಿ ಪಡೆದಳು. ಆಕಾಶದಲ್ಲಿ ಲಾಗ ಹಾಕುವ ಸಾಹಸದಿಂದ ಹೆಸರಾದಳು. ಚೀನಕ್ಕೆ ಹೋಗಿ ಶಾಲೆ ತೆರೆಯಬೇಕೆಂದು ಅವಳ ಆಸೆ. ಅದಕ್ಕಾಗಿ ಅಲ್ಲಿಯ ಚೀನೀಯರು ಕೂಡಿ ಒಂದು ವಿಮಾನವನ್ನು ಕೊಂಡುಕೊಟ್ಟರು. ಆದರೆ ಅವಳ ಬಂಧುವೊಬ್ಬನು ಅದೇ ವಿಮಾನದಲ್ಲಿ ಹಾರಿ ಬಿದ್ದು ಸತ್ತನು. ಮರಣಶಯ್ಯೆಯಲ್ಲಿದ್ದ ತಂದೆ, ಇನ್ನು ಹಾರಬೇಡವೆಂದು ಮಾತು ತೆಗೆದುಕೊಂಡನು. ಕೆಲವು ಕಾಲ ಮನಸ್ಸು ತಡೆಯದೆ ಹಾರಿದಳಾದರೂ, ಕಡೆಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ನಿಲ್ಲಿಸಿದಳು. 98 ವರ್ಷಗಳ ತುಂಬು ಜೀವನವನ್ನು ಬಾಳಿ 2003ರಲ್ಲಿ ಕಣ್ಮುಚ್ಚಿದಳು.

ಹೇಜಲ್‌ಗೆ ಅಷ್ಟು ಆಯುಸ್ಸಿರಲಿಲ್ಲ. ಯುದ್ಧಕಾಲದಲ್ಲಿ ಅಮೆರಿಕವು ಗಂಡಸರನ್ನು ರಣರಂಗಕ್ಕೆ ಕಳುಹಿಸಿ, ದೇಶದೊಳಗೆ ವಿಮಾನಗಳನ್ನು ಸಾಗಿಸಲು ಮಹಿಳೆಯರ ಒಂದು ದಳವನ್ನು ಕಟ್ಟಿತು. 1943ರಲ್ಲಿ ಆ ದಳಕ್ಕೆ ಸೇರಿದ ಮೊದಲ ಚೀನೀ ಮೂಲದ ಮಹಿಳೆ ಹೇಜಲ್. ತನ್ನ ವಿಮಾನದ ಬಾಲದ ಮೇಲೆ ತುಟಿಗೆ ಹಚ್ಚುವ ಬಣ್ಣದಿಂದ ಚೀನೀ ಅಕ್ಷರಗಳನ್ನು ಬರೆಯುವ ಚೇಷ್ಟೆ ಅವಳದು. ಒಮ್ಮೆ ಕಾನ್ಸಾಸ್ ಪ್ರಾಂತದ ಹೊಲವೊಂದರಲ್ಲಿ ಅನಿವಾರ್ಯವಾಗಿ ಇಳಿದಾಗ, ಆ ಹೊಲದ ರೈತನು ಅವಳ ಮುಖವನ್ನು ಕಂಡು ಜಪಾನೀಯರೇ ಇಳಿದರೆಂದು ಹುಲ್ಲೆತ್ತುವ ಕವೆಗೋಲನ್ನು ಹಿಡಿದು ವಿಮಾನದ ಸುತ್ತ ಅಟ್ಟಾಡಿಸಿದನಂತೆ! ಅವಳು ಈ ಕಥೆಯನ್ನು ನಕ್ಕು ಹೇಳುತ್ತಿದ್ದಳು. ಕೇಳುವ ನಮಗೆ ಅಷ್ಟು ಸುಲಭವಾಗಿ ನಗು ಬರುವುದಿಲ್ಲ.

1944ರ ನವೆಂಬರಿನಲ್ಲಿ ಅವಳು ನಯಾಗರದ ಕಾರ್ಖಾನೆಯಿಂದ ಯುದ್ಧವಿಮಾನವೊಂದನ್ನು ಮೊಂಟಾನದ ಗ್ರೇಟ್ ಫಾಲ್ಸಿಗೆ ಸಾಗಿಸಿದಳು. 23ರಂದು ಇಳಿಯುವ ವೇಳೆಯಲ್ಲಿ ಅವಳ ವಿಮಾನಕ್ಕೂ, ರೇಡಿಯೋ ಕೆಟ್ಟಿದ್ದ ಇನ್ನೊಂದು ವಿಮಾನಕ್ಕೂ ಡಿಕ್ಕಿಯಾಯಿತು. ಬೆಂಕಿಯಿಂದ ಹೊರಗೆಳೆದರೂ, 25ರಂದು ಅವಳು ತೀರಿಕೊಂಡಳು. ದಳದಲ್ಲಿ ಪ್ರಾಣ ತೆತ್ತ 38 ಮಹಿಳೆಯರಲ್ಲಿ ಅವಳೂ ಒಬ್ಬಳು. ಅವರನ್ನು ಸೈನಿಕರೆಂದು ಎಣಿಸದಿದ್ದ ಕಾರಣ ಸೈನಿಕ ಗೌರವವಾಗಲಿ ಪರಿಹಾರವಾಗಲಿ ಇರಲಿಲ್ಲ. ಆ ಸುದ್ದಿ ಬಂದ ಮೂರು ದಿನಗಳಲ್ಲಿ ಮನೆಗೆ ಇನ್ನೊಂದು ತಂತಿ ಬಂದಿತು: ಸೈನ್ಯದಲ್ಲಿದ್ದ ತಮ್ಮ ವಿಕ್ಟರ್ ಫ್ರಾನ್ಸಿನಲ್ಲಿ ಮಡಿದಿದ್ದನು.

ಮುಂದಿನದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಅಕ್ಕತಮ್ಮಂದಿರಿಬ್ಬರನ್ನೂ ನದಿಯನ್ನು ನೋಡುವ ಒಂದು ಇಳಿಜಾರಿನಲ್ಲಿ ಮಣ್ಣು ಮಾಡಬೇಕೆಂದು ಮನೆಯವರು ಸ್ಥಳವನ್ನು ಗೊತ್ತುಮಾಡಿದರು. ಸ್ಮಶಾನದ ಆಡಳಿತದವರು, ಅದು ಬಿಳಿಯರ ಭಾಗ, ಏಷ್ಯದವರಿಗೆ ಅಲ್ಲಿ ಎಡೆಯಿಲ್ಲವೆಂದರು. ಯಾವ ದೇಶಕ್ಕಾಗಿ ಎರಡು ಜೀವಗಳು ಹೋದುವೋ ಆ ದೇಶದಲ್ಲಿ ಅವಕ್ಕೆ ಆರಡಿ ಮೂರಡಿ ನೆಲವಿಲ್ಲ! ಆ ಸಂಸಾರ ಸುಮ್ಮನಾಗಲಿಲ್ಲ. ಹೋರಾಡಿ, ಹಟ ಹಿಡಿದು, ತಾವು ಆರಿಸಿದ ಸ್ಥಳದಲ್ಲಿಯೇ ಇಬ್ಬರನ್ನೂ ಅಕ್ಕಪಕ್ಕದಲ್ಲಿ ಮಲಗಿಸಿದರು. ಚೀನೀಯರನ್ನು ತಡೆದಿದ್ದ ಕಾನೂನು ಅದರ ಹಿಂದಿನ ವರ್ಷ, 1943ರ ಡಿಸೆಂಬರಿನಲ್ಲಿ, ರದ್ದಾಗಿತ್ತು. ಅದಾದರೂ ವರ್ಷಕ್ಕೆ ಬರಿಯ 105 ಮಂದಿ ಚೀನೀಯರಿಗೆ ಮಾತ್ರ ಪ್ರವೇಶ. ಕಾಗದದ ಮೇಲಿನ ಕಾನೂನು ಹೋಗುವುದು ಒಂದು ದಿನದ ಕೆಲಸ. ಮನಸ್ಸಿನೊಳಗಿನದು ಹೋಗುವುದು ತಲೆಮಾರುಗಳ ಕೆಲಸ. ಆ ಮಹಿಳಾ ದಳಕ್ಕೆ ಸೈನಿಕ ಸ್ಥಾನ ದೊರೆತುದು 1977ರಲ್ಲಿ.

"ಇದೆಲ್ಲ ಪರದೇಶದ ಕಥೆ" ಎಂದು ಕೆಲವರು ಹೇಳಿಯಾರು. ನಮ್ಮವರ ಕಥೆಯೂ ಉಂಟು. ರಾವಲ್ಪಿಂಡಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಓದುತ್ತಿದ್ದ ಹರದಿತ್ ಸಿಂಗ್ ಮಲಿಕ್ ಎಂಬ ಸಿಖ್ ತರುಣನು ಮೊದಲ ಮಹಾಯುದ್ಧದಲ್ಲಿ ವಿಮಾನದಳ ಸೇರಲು ಬಯಸಿದನು. ಭಾರತೀಯನಿಗೆ ಅಧಿಕಾರಿಯ ಹುದ್ದೆಯೆ? ಇಲ್ಲವೆಂದರು. ಅವನು ಫ್ರಾನ್ಸಿಗೆ ಹೋಗಿ ಅಲ್ಲಿಯ ರೆಡ್ ಕ್ರಾಸ್ ಸಂಸ್ಥೆಯಲ್ಲಿ ಗಾಯಾಳುಗಳ ಗಾಡಿ ನಡೆಸಿದನು. ಅವನ ಆಕ್ಸ್‌ಫರ್ಡಿನ ಗುರುಗಳು, ನಮ್ಮವರು ಬೇಡವೆಂದವನನ್ನು ಫ್ರೆಂಚರು ತೆಗೆದುಕೊಳ್ಳಲು ಸಿದ್ಧರಿದ್ದಾರಲ್ಲ ಎಂದು ದಳದ ಮುಖ್ಯಸ್ಥನಿಗೆ ಬರೆದ ಮೇಲೆ 1917ರಲ್ಲಿ ಬಾಗಿಲು ತೆರೆಯಿತು. ಪೇಟವನ್ನು ಬಿಡದೆಯೇ ಅವನು ಹಾರಿದನು. ಗುರುವಿನ ಒಂದು ಕಾಗದ ಏನೆಲ್ಲ ಮಾಡಬಲ್ಲದು! ಗುರುವಿನ ಒಂದು ಕುಹಕ ಏನು ಮಾಡಬಲ್ಲದೆಂಬುದನ್ನು ನಾನು ಮೊದಲೇ ಹೇಳಿದ್ದೇನೆ.

ಇನ್ನೂ ಹತ್ತಿರಕ್ಕೆ ಬರೋಣ. ನಮ್ಮ ಬೆಂಗಳೂರು ವಿಮಾನಗಳ ಊರೆಂದು ನಾವು ಹೆಮ್ಮೆಪಡುತ್ತೇವೆ. ಅದಕ್ಕೆ ಅಡಿಗಲ್ಲಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ 1940ರ ಡಿಸೆಂಬರಿನಲ್ಲಿ ಹುಟ್ಟಿತು. ಅದನ್ನು ಕಟ್ಟಿದವರು ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್. ನೆಲವನ್ನೂ ಹಣವನ್ನೂ ಕೊಟ್ಟುದು ಮೈಸೂರು ಸಂಸ್ಥಾನ. ಯಂತ್ರಗಳ ಏರ್ಪಾಡು ಮಾಡಿದವನು, ಅದಕ್ಕೆ ಮುನ್ನ ಚೀನದಲ್ಲಿ ವಿಮಾನ ಕಾರ್ಖಾನೆ ನಡೆಸಿದ್ದ ಅಮೆರಿಕದ ವಿಲಿಯಂ ಪಾಲಿ. 1951ರಲ್ಲಿ ಹಾರಿದ ಎಚ್‌.ಟಿ.-2 ಎಂಬ ತರಬೇತಿ ವಿಮಾನವನ್ನು ರೂಪಿಸಿದವರು ಮರಾಠಿ ನಾಡಿನಿಂದ ಬಂದ ಡಾಕ್ಟರ್ ಘಾಟಗೆಯವರು. ಇವರಲ್ಲಿ ಯಾರನ್ನು 'ಹೊರಗಿನವರು' ಎಂದು ಕಳುಹಿಸಿದ್ದರೆ ನಮ್ಮ ವಿಮಾನ ಹಾರುತ್ತಿತ್ತು? ಬಂದವರು ದೊಡ್ಡವರಾದರೆ ಹಾರ ಹಾಕುತ್ತೇವೆ. ಇಟ್ಟಿಗೆ ಹೊರುವವರಾದರೆ ಮೂಗು ಮುರಿಯುತ್ತೇವೆ. ನಮ್ಮ ಮನೆಗಳ ಗೋಡೆಗಳು ನಿಂತಿರುವುದು ಆ ಇಟ್ಟಿಗೆಯ ಮೇಲೆಯೇ ಅಲ್ಲವೆ?

ಕಥೆ ಮುಗಿದಾಗ ಶಿವಾರಪಟ್ಟಣದ ಆ ಅಂಗಳದಲ್ಲಿ ಉಳಿಯ ಸದ್ದು ನಿಂತಿತ್ತು. ವೃದ್ಧ ಶಿಲ್ಪಿಗಳೂ ಕೆಲಸ ಬಿಟ್ಟು ಕೇಳುತ್ತಿದ್ದರೆಂದು ಆಗ ತಿಳಿಯಿತು. ಅವರು ಕೇಳಿದ ಪ್ರಶ್ನೆ ಒಂದೇ: "ಆ ಹೆಣ್ಣುಮಗಳ ಹೆಸರು ಕಲ್ಲಿನ ಮೇಲೆ ಕೆತ್ತಿದ್ದಾರಾ ಮೇಷ್ಟ್ರೇ?"

"ಕೆತ್ತಿದ್ದಾರೆ" ಎಂದೆನು.

"ಹಂಗಾದ್ರೆ ಸರಿ" ಎಂದು ಮತ್ತೆ ಉಳಿ ಹಿಡಿದರು.

ನಾನು ಹುಡುಗನ ಕಡೆ ತಿರುಗಿ, ಆ ದಿನ ತರಗತಿಯಲ್ಲಿ ನಾನಾಡಿದುದು ತಪ್ಪೆಂದು ಹೇಳಿದೆನು. ಹೇಳುವುದಕ್ಕೆ ಎಷ್ಟು ಕಷ್ಟವಾಯಿತೆಂದರೆ, ಹದಿಮೂರು ವರ್ಷ ಪಾಠ ಹೇಳಿದವನಿಗೆ ವಾಕ್ಯ ಪೂರ್ಣವಾಗಲಿಲ್ಲ. ಅವನು ಕಲ್ಲಿನ ಪುಡಿ ಮೆತ್ತಿದ ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಾ, "ಪೈಲಟ್ ಆಗೋಕೆ ತುಂಬಾ ದುಡ್ಡು ಬೇಕಲ್ವಾ ಸಾರ್?" ಎಂದನು. ನಾನು ಸುಳ್ಳು ಹೇಳಲಿಲ್ಲ. ಲಕ್ಷಗಟ್ಟಲೆ ಬೇಕೆಂದೆನು. ಓಕ್‌ಲೆಂಡಿನ ವ್ಯಾಪಾರಿಗಳಂತೆ ಕೂಡಿ ಕೊಡುವವರು ಅವನಿಗೆ ದೊರೆಯುವರೇ, ನಾನರಿಯೆ. ಸದ್ಯಕ್ಕೆ ಕಾಲೇಜಿನ ಫೀಸಿಗೂ ಪುಸ್ತಕಗಳಿಗೂ ನಾನು ಜೊತೆಗಿರುವೆನೆಂದೆನು. ಸಂಜೆಯ ಹೊತ್ತು ಬಂದು ಕೆಲಸ ಮಾಡಲು ಶಿಲ್ಪಿಗಳು ಒಪ್ಪಿದರು.

ಕಳೆದ ಸೋಮವಾರ ಹಾಜರಿ ಕರೆಯುವಾಗ ಆ ಹೆಸರಿನ ಬಳಿ ನನ್ನ ದನಿ ಒಂದು ಕ್ಷಣ ತಡೆಯಿತು. ಹಿಂದಿನ ಬೆಂಚಿನಿಂದ "ಬಂದಿದ್ದೇನೆ ಸಾರ್" ಎಂಬ ಉತ್ತರ ಬಂದಿತು. ತರಗತಿ ಮುಗಿದ ಮೇಲೆ ಹಳೆಯ ಪ್ರಬಂಧದ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟು ಹೋದನು. ತೆರೆದು ನೋಡಿದೆನು. ಪ್ರತಿಯೊಂದು 'ವಿಮಾಣ'ವನ್ನೂ ಹೊಡೆದುಹಾಕಿ, ದುಂಡಾದ ಅಕ್ಷರಗಳಲ್ಲಿ 'ವಿಮಾನ' ಎಂದು ತಿದ್ದಿದ್ದನು. ಹಂಬಲವನ್ನು ಮಾತ್ರ ತಿದ್ದಿರಲಿಲ್ಲ.